ಏನೂ ಕೆಡದ ದಿನ

"ಇದನ್ನ ನಿಮಗೆ ಕೊಡಲ್ಲ."

ಅವಳು ಕೈಯಿಟ್ಟಿದ್ದ ಕಪ್ಪು ಡಿಸ್ಕ್ ಪೆಟ್ಟಿಗೆಯನ್ನು ಅಂಗಡಿಯವನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಹೊತ್ತು ಇವನ ಮುಂದೆಯೇ ತಾನೆ ಕಷ್ಟ ತೋಡಿಕೊಂಡಿದ್ದು? ಅಜ್ಜಿ ಹೇಳುವ ಕಥೆಗಳನ್ನು ರೆಕಾರ್ಡ್ ಮಾಡಿ ಮಕ್ಕಳಿಗೆ ಕೇಳಿಸುವ ಪುಟ್ಟ ಸ್ಟುಡಿಯೋ ಅವಳದು. ಕಥೆಗಳು ತುಂಬಿ ತುಳುಕಿ, ಅವನ್ನಿಟ್ಟಿದ್ದ ಲಿನಕ್ಸ್ ಸರ್ವರ್ ಏದುಸಿರು ಬಿಡುತ್ತಿತ್ತು. ಅಜ್ಜಿಯ ದನಿಯೇ ನಡುನಡುವೆ ತಡವರಿಸುತ್ತಿತ್ತು.

"ಯಾಕೆ? ಕೊಳ್ಳೋಳ ಥರ ಕಾಣಲ್ವಾ ನಾನು?"

"ಕಾಣ್ತೀರ. ಅದಕ್ಕೇ ಹೇಳ್ತಿದೀನಿ." ಅವನು ಕಣ್ಣೆತ್ತಿದ. ಈಗಷ್ಟೇ ನಿದ್ದೆಯಿಂದೆದ್ದ ಮಗುವಿನಂಥ ಕಣ್ಣು. "ಇದು ಗಾಳಿ ಥರ ಓಡುತ್ತೆ, ನಿಜ. ಆದರೆ ಒಳಗೆ ಡಿಸ್ಕುಗಳನ್ನ ನಡೆಸೋ ಕಾರ್ಡು, ಕಥೆಗಳನ್ನ ತನಗೊಂದಕ್ಕೇ ಅರ್ಥವಾಗೋ ಹಾಗೆ ಬರೆದಿಡುತ್ತೆ. ನಾಳೆ ಕಾರ್ಡು ಸತ್ತರೆ, ಅಂಥದ್ದೇ ಇನ್ನೊಂದು ಕೊಡಿ ಅಂತ ನನ್ನ ಬಾಗಿಲಿಗೇ ಬರಬೇಕು. ಡಿಸ್ಕ್ ಹಾಕೋ ಗೂಡುಗಳೂ ಈಗಲೇ ಭರ್ತಿ. ನಿಮ್ಮಜ್ಜಿ ಕಥೆ ಹೇಳೋದು ನಿಲ್ಲಿಸ್ತಾರಾ?"

"ಅವರಾ? ನಿಲ್ಲಿಸೋ ಪೈಕಿ ಅಲ್ಲ." ಕೋಪದ ನಡುವೆಯೂ ನಗು ನುಗ್ಗಿಬಿಟ್ಟಿತು.

ಅವನು ತೋರಿಸಿದ್ದು ತಗಡಿನ ಬಣ್ಣದ ಸಾದಾ ಪೆಟ್ಟಿಗೆ. "ಇವತ್ತಿನ ಕೆಲಸಕ್ಕೆ ಎರಡು ಪುಟ್ಟ ಎನ್‌ವಿಎಂಇ, ಅಂದರೆ ಬಲು ಚುರುಕು ಡಿಸ್ಕು. ಹಳೆ ಕಥೆಗಳಿಗೆ ದೊಡ್ಡ ಡಿಸ್ಕುಗಳು. ಅರ್ಧ ಗೂಡು ಖಾಲಿ, ಬೆಳೆದ ಹಾಗೆ ತುಂಬಿಸಿಕೊಳ್ಳಿ. ಡಿಸ್ಕುಗಳನ್ನ ಒಟ್ಟುಗೂಡಿಸೋದು ಕಾರ್ಡಲ್ಲ, ಲಿನಕ್ಸೇ. ಬೇರೆ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೂ ಗುರುತು ಹಿಡಿಯುತ್ತೆ."

ಜೋಡಿಸಲು ಅವನೇ ಬಂದ. ಸ್ಪೀಕರಿನಲ್ಲಿ ಅಜ್ಜಿಯ ಹೊಸ ಕಥೆ; ನೇಕಾರನ ಮಗಳು ಮುಚ್ಚಿದ ಬಾಗಿಲಿನತ್ತ ನಡೆಯುತ್ತಿದ್ದಳು.

"ಈಗ ಒಂದು ಡಿಸ್ಕ್ ಎಳೀರಿ."

"ಕಥೆ ಓಡ್ತಿದೆಯಲ್ಲ?"

"ಓಡಲಿ. ಎಳೀರಿ."

ಅವಳು ಡಿಸ್ಕಿನ ಹಿಡಿಗೆ ಕೈ ಹಾಕಿದಳು. ಅವನು ಮುಟ್ಟಲಿಲ್ಲ, ಮೊದಲ ಹೆಜ್ಜೆಯಿಡುವ ಕೂಸಿಗೆ ಆಸರೆ ಹಿಡಿಯುವಂತೆ ಕೆಳಗೆ ಅಂಗೈಯೊಡ್ಡಿ ನಿಂತ. ಡಿಸ್ಕ್ ಹೊರಬಂತು. ಅಜ್ಜಿಯ ದನಿ ಒಂದಿಷ್ಟೂ ಮುಗ್ಗರಿಸಲಿಲ್ಲ.

"ಒಂದು ಹೋದರೆ ಉಳಿದವು ಹೊತ್ತುಕೊಳ್ಳುತ್ತವೆ," ಅಂದ ಮೆಲ್ಲಗೆ. ಅವಳ ಕಣ್ಣು ಏಕೋ ತುಂಬಿಬಂತು.

ಎಲ್ಲ ಕಲಿಸಿ, ಹೆಚ್ಚುವರಿ ಡಿಸ್ಕೊಂದನ್ನು ಕಪಾಟಿನಲ್ಲಿಟ್ಟು, ಕೈ ಒರೆಸಿಕೊಂಡ. "ಇನ್ನು ನನ್ನ ಅಗತ್ಯ ನಿಮಗೆ ಬೀಳಲ್ಲ."

ಹೊರಟೇಹೋದ.

ಅಂದರೆ... ಪೀಡೆ ಕಳೀತು ಅಂತಲಾ?

ವಾರಗಳು ಸರಿದವು. ಒಂದು ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ಡಿಸ್ಕ್ ಹೋಗಿದೆ... ನಾಚಿಕೆ ಬಿಟ್ಟು ಅವಳ ಎದೆ ಕುಣಿಯಿತು. ಅವನನ್ನು ಕರೆಯಲು ಫೋನ್ ಎತ್ತಿಕೊಂಡಳು. ಆದರೆ ಕೈಗೆ ಎಲ್ಲ ಗೊತ್ತಿತ್ತಲ್ಲ. ಹಾಳಾದದ್ದನ್ನು ತೆಗೆದು ಹೊಸದು ಹಾಕಿದಳು. ದೀಪ ಹಸಿರಾಯಿತು. ನೆಲದ ಮೇಲೆ ಕೂತು ಅತ್ತುಬಿಟ್ಟಳು.

"ಪೆಟ್ಟಿಗೆ ಹುಷಾರಾಯ್ತಲ್ಲೇ, ಇನ್ಯಾಕೆ ಅಳು?" ಅಜ್ಜಿ ಮೈಕಿನ ಹಿಂದಿನಿಂದ ಇಣುಕಿದರು.

"ಅವರು ಬರೋಕೆ ಒಂದು ನೆಪಾನೂ ಉಳಿಸಲಿಲ್ಲ ಅಜ್ಜಿ."

"ಅಯ್ಯೋ ನನ್ನ ಮಂಕೇ. ನಿನ್ನನ್ನ ಅಂಗಡಿಗೆ ಕಟ್ಟಿಹಾಕೋ ಪೆಟ್ಟಿಗೆ ಅವನ ಕೈಯಲ್ಲೇ ಇತ್ತು. ಕೊಡಲಿಲ್ಲ. ಯಾಕಂತೆ? ಹೋಗಿ ಕೇಳು. ಮೂಗು ಒರೆಸಿಕೊಂಡು ಹೋಗು."

ಅವಳನ್ನು ಕಂಡದ್ದೇ ಅವನು ಸ್ಕ್ರೂಡ್ರೈವರ್ ಹಿಡಿದು ಎದ್ದುನಿಂತ. "ಏನು ಕೆಟ್ಟಿತು?"

"ಏನೂ ಕೆಟ್ಟಿಲ್ಲ. ಒಂದು ಡಿಸ್ಕ್ ಹೋಗಿತ್ತು, ನಾನೇ ಹಾಕಿದೆ."

"ಮತ್ತೆ... ಬಂದಿದ್ದು?"

"ಸುಮ್ಮನೆ ಅಂದರೆ ಸುಳ್ಳಾಗುತ್ತೆ."

ಸ್ಕ್ರೂಡ್ರೈವರ್ ಮೇಜಿನ ಮೇಲೆ ಉರುಳಿತು. ಅವನು ಅದನ್ನೇ ನೋಡುತ್ತ ಹೇಳಿದ, "ಆ ಕಪ್ಪು ಪೆಟ್ಟಿಗೆ ಕೊಟ್ಟಿದ್ದರೆ ನೀವು ಬರ್ತಾನೇ ಇರ್ತಿದ್ರಿ. ಆಗ ಪೆಟ್ಟಿಗೆಗಾಗಿ ಬಂದ್ರಾ, ನನಗಾಗಿ ಬಂದ್ರಾ ಅಂತ ನನಗೆ ಹೇಗೆ ತಿಳೀಬೇಕಿತ್ತು? ದಿನಾ ಬಾಗಿಲು ನೋಡ್ತಾ ಕೂತಿದ್ದೆ."

"ಈಗ ತಿಳೀತಾ?"

ತಲೆಯಾಡಿಸಿದ. ಆಮೇಲೆ ಕೇಳಿದ, "ಆ ನೇಕಾರನ ಮಗಳು... ಕೊನೆಗೆ ಬಾಗಿಲು ತೆಗೆದಳಾ?"

"ಅಜ್ಜಿ ಇನ್ನೂ ಹೇಳಿಲ್ಲ. ನೀವು ಬಂದು ಎದುರಿಗೆ ಕೂತರೇನೇ ಮುಂದಿನದಂತೆ."

ಅವನು ಅಂಗಡಿಯ ದೀಪ ಆರಿಸಿದ.

"ನಡೀರಿ. ಪಾಪ, ಆ ಬಾಗಿಲ ಮುಂದೆ ಎಷ್ಟು ದಿನದಿಂದ ನಿಂತಿದಾಳೋ."