ಖಾಲಿ ಬಿಲ್ಲೆಯ ಉಂಗುರ

ಮಂಗಳವಾರ ಬೆಳಿಗ್ಗೆ 10.10ಕ್ಕೆ ಠಾಣೆಗೆ ದೂರು ಬಂತು: ಕಡಲಜೀವಿ ಪ್ರಯೋಗಾಲಯದ ಫ್ರಿಜ್‌ನಿಂದ ಬೆರಳುದ್ದದ ಸೀಸೆ ಕಳುವಾಗಿದೆ, ಅದರಲ್ಲಿದ್ದದ್ದು ಸ್ಪಂಜಿನ ಸಾರ. ಎಫ್‌ಐಆರ್ ಬರೆಯುತ್ತಿದ್ದ ಪೇದೆ, "ಪಾತ್ರೆ ತಿಕ್ಕೋ ಸ್ಪಂಜಾ ಸಾರ್?" ಎಂದು ಕೇಳಿ ಇನ್ಸ್‌ಪೆಕ್ಟರರ ಕಣ್ಣಲ್ಲೇ ಬೈಸಿಕೊಂಡ.

ಹನ್ನೊಂದಕ್ಕೆ ಪಂಚನಾಮೆ. ಬೀಗ ನೆಟ್ಟಗಿತ್ತು. ಗಾಜಿನ ತೊಟ್ಟಿಗಳಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಜೀವಂತ ಹಳದಿ ಸ್ಪಂಜುಗಳು ಎಚ್ಚರವೋ ನಿದ್ದೆಯೋ ತಿಳಿಯದಂತೆ ಕುಳಿತಿದ್ದವು. ಇನ್ಸ್‌ಪೆಕ್ಟರ್‌ಗೆ ಕನಸಿನಲ್ಲಿ ನೀರಿಗಿಳಿದಂತಾಯಿತು. ಸುಳ್ಳೇಕೆ, ಹಿತವಾಗಿಯೇ ಇತ್ತು.

"ಯಾರಿಗೆ ಬೇಕಿತ್ತು ಅದು?"

"ಮೂವತ್ತು ವರ್ಷ ನಮ್ಮ ಸ್ಪಂಜಿನ ಸಾರ ಯಾರಿಗೂ ಬೇಕಿರಲಿಲ್ಲ," ಪ್ರಯೋಗಾಲಯದ ಮುಖ್ಯಸ್ಥೆ ನಕ್ಕರು. "ಹೋದ ತಿಂಗಳು ಈ ಸೀಸೇದು ಮಾತ್ರ ರೋಗಾಣುನ ಕೊಲ್ತು. ನಾಳೆ ಹೊರಗಡೆ ಮರುಪರೀಕ್ಷೆ. ಗೆದ್ದರೆ ಪ್ರಯೋಗಾಲಯ ಮುಚ್ಚಲ್ಲ."

ಅವರು ಹೋದ ತಿಂಗಳ ಪರೀಕ್ಷೆಯ ಗಾಜಿನ ತಟ್ಟೆ ತೋರಿಸಿದರು. ರೋಗಾಣು ಮಬ್ಬಾಗಿ ಹಬ್ಬಿತ್ತು. ಸಾರ ಹಾಕಿದ ಕಾಗದದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ.

"ಪಕ್ಕದ ಬಿಲ್ಲೆ?"

"ಅದು ಖಾಲಿ, ಹೋಲಿಕೆಗೆ ಇಡೋದು. ಅದರ ಸುತ್ತ ಏನೂ ಆಗಬಾರದು."

"ಆಗಿದೆಯಲ್ಲಮ್ಮ. ಸಣ್ಣ ಉಂಗುರ."

ಮುಖ್ಯಸ್ಥೆಯ ಕಣ್ಣಿಗೆ ಪೊರೆ ಬಂದಿತ್ತು. ಅಳತೆಗಳನ್ನೆಲ್ಲ ಸಹಾಯಕ ಓದಿ ಹೇಳುತ್ತಿದ್ದ. ಈಗ ಅವರೇ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಸಾರದ ಬಿಲ್ಲೆಗೆ ಬೀರುವಿನಲ್ಲಿದ್ದ ರೋಗಾಣು ಕೊಲ್ಲೋ ಔಷಧಿ ಹಚ್ಚಿದ್ದಾನೆ," ಎಂದರು ಮೆಲ್ಲಗೆ. "ಚಿಮುಟನ ಬೆಂಕಿಗೆ ಹಿಡಿದು ಶುದ್ಧ ಮಾಡದೆ ಅದರಲ್ಲೇ ಖಾಲೀದನ್ನೂ ಎತ್ತಿಟ್ಟಿದ್ದಾನೆ. ಗಾಬರಿ ಆಗಿರಬೇಕು, ಪಾಪ."

ಮಧ್ಯಾಹ್ನ 2.40. ಇಪ್ಪತ್ತೆರಡು ವರ್ಷ ಕಡಲಲ್ಲಿ ಮುಳುಗಿ ಮುಳುಗಿ ಸ್ಪಂಜು ತಂದಿದ್ದ ಸಹಾಯಕ ಇನ್ಸ್‌ಪೆಕ್ಟರರ ಎದುರು ತಲೆ ತಗ್ಗಿಸಿ ಕುಳಿತಿದ್ದ.

"ಸೀಸೆ ಎಲ್ಲಿ?"

"ಕಡಲಿಗೆ ಸುರಿದೆ."

"ಯಾಕೆ?"

"ಪರೀಕ್ಷೆಗೆ ಹೋದ್ರೆ ಬಣ್ಣ ಬಯಲಾಗ್ತಿತ್ತು ಸಾರ್. ಕಳುವಾದ್ರೆ, ಅಂಥದ್ದೊಂದು ಸಾರ ಇತ್ತು ಅಂತಾದ್ರೂ ಇರುತ್ತೆ. ಪ್ರತಿ ಸಲ ಉಂಗುರದ ಅಳತೆ ನಾನು ಸೊನ್ನೆ ಅಂತಿದ್ದೆ, ಅವರು 'ಸರಿ, ಮುಂದಿನದು' ಅಂತಿದ್ರು. ಒಂದಿನ, ಮತ್ತೆ ಸೊನ್ನೆ ಅನ್ನೋಕೆ ಬಾಯಿ ಬರಲ್ಲ ಅನ್ನಿಸಿ, ಮೊದಲೇ ಔಷಧಿ ಹಚ್ಚಿಬಿಟ್ಟೆ."

4.15ಕ್ಕೆ ಬಂಧನ. ಜೀಪಿನ ಬಳಿ ಮುಖ್ಯಸ್ಥೆ ಅವನ ತೋಳು ಹಿಡಿದರು. ಬೈಯುತ್ತಾರೆಂದು ಪೇದೆ ಪಕ್ಕಕ್ಕೆ ಸರಿದ.

"ಔಷಧಿ ಹಚ್ಚದೆ, ಬರೀ ಸಾರ ಹಾಕಿ ಒಂದ್ಸಲ ನೋಡಿದ್ಯೇನಪ್ಪ?"

"ಇಲ್ಲಮ್ಮ."

"ಆ ಸ್ಪಂಜು ಮತ್ತೆ ಸಿಗುತ್ತಾ?"

"ಅದು ಸಿಕ್ಕಿದ ಬಂಡೆ ಮೇಲೆ ಇದ್ದಿದ್ದೇ ಅದೊಂದು."

ಇನ್ಸ್‌ಪೆಕ್ಟರ್ ದಿನಚರಿಯಲ್ಲಿ ಅಪರಾಧದ ಉದ್ದೇಶ 'ಕರುಣೆ' ಎಂದು ಬರೆದರು. ಕಳುವಾದ ವಸ್ತುವಿನ ಬೆಲೆಯ ಜಾಗ ಖಾಲಿ ಉಳಿಯಿತು.