ಅಮ್ಮನಿಗೆ ಸಿಗದ ಪ್ರಾರ್ಥನೆ

"ಚರ್ಚಿನ ಬೆಂಚು ಕೊಯ್ಯೋಕೆ ನಿಮಗೆ ಯಾರು ಹೇಳಿದ್ರು?"

ಬಾಗಿಲಲ್ಲಿ ನಿಂತೇ ಕೇಳಿದಳು ಅವಳು. ಗರಗಸ ಹಿಡಿದವನು ತಲೆ ಎತ್ತಿದ. ಮೊಣಕಾಲವರೆಗೂ ಕೆಸರು, ಬಾಡಿದ ಮುಖ. ಇವನೇ ಹೊಸ ಪಾಸ್ಟರ್ ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಶವಪೆಟ್ಟಿಗೆಗೆ ಹಲಗೆ ಸಾಲ್ತಿಲ್ಲ. ನಿಮಗೆ ಪೆಟ್ಟಿಗೆ ಯಾರಿಗೆ ಬೇಕಿತ್ತು?"

"ಅಮ್ಮನಿಗೆ..."

ನೆರೆ ಇಳಿದಿತ್ತು. ಅವಳ ಹೊಲಿಗೆ ಅಂಗಡಿಯೂ ಹೋಗಿತ್ತು, ಅಮ್ಮನೂ ಹೋಗಿದ್ದಳು. ಅಳು ಮಾತ್ರ ಬರಲೊಲ್ಲದು. ಅವನು ಸಮಾಧಾನದ ಮಾತೇನೂ ಆಡದೆ ಬೆಂಚಿನ ಇನ್ನೊಂದು ತುದಿ ತೋರಿಸಿದ. ಅವಳು ಹೋಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಂಜೆ ಮಣ್ಣು ಕೊಡುವಾಗ ಅವನು ಒಂದೊಂದೇ ಪೆಟ್ಟಿಗೆಯ ಮುಂದೆ ನಿಂತು ಪ್ರಾರ್ಥಿಸುತ್ತಾ ಬಂದ. ಅವಳ ಅಮ್ಮನ ಮುಂದೆಯೂ ಬಾಯಿ ತೆರೆದ... ಮುಚ್ಚಿಕೊಂಡ. ಸುಮ್ಮನೆ ಗುದ್ದಲಿ ಎತ್ತಿಕೊಂಡ.

ಎಲ್ಲರಿಗೂ ಉಂಟು, ನನ್ನ ಅಮ್ಮನಿಗೆ ಮಾತ್ರ ಇಲ್ಲವೇ? ಅಮ್ಮ ಸಭೆಯ ಹಿರಿಯರೊಬ್ಬರ ಜೊತೆ ಜಗಳವಾಡಿ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಳಲ್ಲ, ಅದಕ್ಕೇ ಇರಬೇಕು. ಸತ್ತವಳ ಮೇಲೂ ಹಗೆ ಸಾಧಿಸುತ್ತಾರಾ...

ಮರುದಿನವೇ ಆ ಹಿರಿಯರ ಬಳಿಗೇ ಹೋಗಿ ಪಾಸ್ಟರ್ ಮೇಲೆ ದೂರಿದಳು; ಹಾಗೆ ಮಾಡೆಂದು ತಾವು ಹೇಳಿರಲಿಲ್ಲ ಎಂದರು ಅವರು. ಬೆಂಚುಗಳು ಹೋದವೆಂದು ಅವರು ಮೊದಲೇ ಕುದಿಯುತ್ತಿದ್ದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಭಾನುವಾರ ಸಭೆ ಕರೆದರು. ಪಾಸ್ಟರ್ ಇರಬೇಕೋ ಹೋಗಬೇಕೋ ಅಂದೇ ತೀರ್ಮಾನ.

ಕೂರಲು ಬೆಂಚಿಲ್ಲದೆ ಎಲ್ಲರೂ ನಿಂತೇ ಇದ್ದರು.

"ಈ ಹುಡುಗಿಯ ತಾಯಿಗೆ ಮಾತ್ರ ಯಾಕೆ ಪ್ರಾರ್ಥನೆ ಮಾಡ್ಲಿಲ್ಲ? ಹೇಳಿ," ಎಂದರು ಹಿರಿಯರು.

ಪಾಸ್ಟರ್ ಎಲ್ಲರ ಕಡೆ ತಿರುಗಿದ.

"ನೀರು ಬಂದ ದಿನದಿಂದ ನನಗೆ ಪ್ರಾರ್ಥನೆ ಬರ್ತಿಲ್ಲ. ಉಳಿದವರಿಗೆ ಬಾಯಿಪಾಠ ಒಪ್ಪಿಸಿದೆ. ಅವತ್ತು ಇವರು ಬೆಳಗ್ಗೆಯಿಂದ ನನ್ನ ಜೊತೆ ಹಲಗೆ ಹಿಡಿದಿದ್ರು, ಅಳೋಕೂ ಆಗದೆ. ಇವರ ಎದುರು ಬಾಯಿಪಾಠ ಹೇಳೋಕೆ... ಆಗ್ಲಿಲ್ಲ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಹಗೆ ಎಂದುಕೊಂಡಿದ್ದೆನಲ್ಲ... ಇದಕ್ಕೆ ಏನೆನ್ನಬೇಕು?

"ಹಾಗಾದ್ರೆ ನನ್ನ ತಮ್ಮನಿಗೆ ಹೇಳಿದ್ದು ಸುಳ್ಳಾ?" ನೆರೆಯಲ್ಲಿ ತಮ್ಮನನ್ನು ಕಳೆದುಕೊಂಡಿದ್ದ ಹಿರಿಯರ ದನಿ ಒಡೆಯಿತು.

ಪಾಸ್ಟರ್ ತಲೆ ತಗ್ಗಿಸಿದ. ಜನರು ಮುಖ ಮುಖ ನೋಡಿಕೊಂಡರು. ಅವನ ಪಾಲಿಗೆ ಎಲ್ಲ ಮುಗಿದಂತೆಯೇ ಇತ್ತು.

"ಮಾವ," ಅವಳು ಹಿರಿಯರ ಮುಂದೆ ಬಂದಳು. "ನಿಮ್ಮ ತಮ್ಮನ ಪೆಟ್ಟಿಗೆ ಸುಳ್ಳಲ್ಲ. ಅದನ್ನ ಹೊತ್ತ ಇವರ ಹೆಗಲೂ ಸುಳ್ಳಲ್ಲ. ಅವತ್ತು ನನಗೆ ಗೊತ್ತಿರ್ಲಿಲ್ಲ, ದೂರಿದೆ. ಈಗ ನಾನೇ ಕೇಳ್ತೀನಿ, ಇವರನ್ನ ಕಳಿಸ್ಬೇಡಿ."

ಹಿರಿಯರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಪಾಸ್ಟರ್ ಇರ್ಲಿ ಬಿಡಿ... ಮೊದಲು ಕೂರೋಕೆ ಏನಾದ್ರೂ ಮಾಡಿ. ನನ್ನ ಕಾಲು ಬಿದ್ದುಹೋಗ್ತಿದೆ."

ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಖಾಲಿ ಚರ್ಚಿನಲ್ಲಿ ಅವರಿಬ್ಬರೇ ಉಳಿದರು.

"ನೀವು ನನ್ನ ಪರ ಮಾತಾಡ್ತೀರಿ ಅಂದ್ಕೊಂಡಿರ್ಲಿಲ್ಲ."

"ನಾನೂ ಅಂದ್ಕೊಂಡಿರ್ಲಿಲ್ಲ."

"ನಿಮ್ಮ ಜೊತೆ ಇದ್ರೆ ಸುಳ್ಳು ಹೇಳೋಕೆ ಆಗಲ್ಲ ನನಗೆ. ಅದಕ್ಕೆ ಇದನ್ನೂ ಹೇಳ್ಬಿಡ್ತೀನಿ... ನೀವು ಬೇಕು ನನಗೆ. ಆದ್ರೆ ಪ್ರಾರ್ಥನೆ ಇನ್ನೂ ಬಂದಿಲ್ಲ."

"ನನಗೆ ಅಳು ಬಂದಿಲ್ಲ."

"ಬರದೇ ಹೋದ್ರೆ?"

ಅವಳು ಅವನ ಬೊಬ್ಬೆ ಎದ್ದ ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಜೊತೆಗೇ ಕಾಯೋಣ. ಯಾರಿಗೆ ಮೊದಲು ಬರುತ್ತೋ, ಅವರು ಇನ್ನೊಬ್ಬರನ್ನ ಕರೀಬೇಕು."