ಅವಳ ಕಿವಿಗೆ ಮಾತ್ರ

ಸೌಂಡ್‌ಚೆಕ್ ಮುಗಿಯುವ ಮೊದಲೇ ಯಶ್ಮಿತಾ ನನ್ನ ಮೇಲೆ ರೇಗಿದ್ದಳು.

"ಹರ್ಷಿತ್, ನನ್ನ ಬೇಸ್ ಗಿಟಾರ್ ಕೇಳ್ತಾನೇ ಇಲ್ಲ ಮಾರಾಯ. ನುಂಗಿದ್ಯಾ ಎಂತ?"

"ಇಲ್ಲೇ ಉಂಟು. ನೀನೇ ಮೆಲ್ಲ ಬಾರಿಸ್ತಾ ಇದ್ದಿ."

ಅವಳು ಹುಬ್ಬೇರಿಸಿದಳು. ಬಲಹುಬ್ಬು ಮಾತ್ರ. ಈ ಚಳಿಗಾಲ ಪೂರ್ತಿ ಆ ಒಂದು ಹುಬ್ಬಿಗಾಗಿ ನಾನು ಬೇಕೆಂದೇ ತಪ್ಪು ಉತ್ತರ ಕೊಡುತ್ತಾ ಬಂದಿದ್ದೆ. ಇವತ್ತು ಮಾತ್ರ ನನಗೆ ನಗು ಬರಲಿಲ್ಲ. ಇವತ್ತು ಕೊನೆಯ ಶೋ.

ಜರ್ಮನಿಗೆ ಓದಲು ಹೋದ ಈ ಸುರತ್ಕಲ್ಲಿನ ಹುಡುಗಿ ಅಲ್ಲಿನ ಮೂವರು ಹುಡುಗಿಯರ ಜೊತೆ ಸೇರಿ ಕಟ್ಟಿದ ಬ್ಯಾಂಡು 'ಫೀರ್ ಮಾಲ್ ಲೌಟ್'. ನಾಲ್ಕು ಪಟ್ಟು ಜೋರು ಎಂದು ಅರ್ಥವಂತೆ. ಒಂದು ಹಾಡು ಹಿಟ್ಟಾಯಿತು, ಎರಡನೆಯ ಆಲ್ಬಂ ಮಕಾಡೆ ಬಿತ್ತು. ರೆಕಾರ್ಡ್ ಕಂಪನಿ ಕೈಬಿಟ್ಟ ಮೇಲೆ ಅವರಿಗೆ ಮಸ್ಕತ್ತಿನ ಈ ಹೋಟೆಲಿನ ಕಡಲ ಬದಿಯ ಸ್ಟೇಜು ಸಿಕ್ಕಿತು, ಸೌಂಡ್ ನೋಡಿಕೊಳ್ಳಲು ನಾನು ಸಿಕ್ಕಿದೆ. ಹೋದ ವಾರ ಡ್ರಮ್ಮರ್ ಮದುವೆಯೆಂದು ಊರಿಗೆ ಹೊರಟುಹೋದಳು. ಎರಡೇ ವರ್ಷಕ್ಕೆ ಬ್ಯಾಂಡ್ ಖಲಾಸ್.

ಹಾಡುವ ಕಾರ್ಲಾ ಮಾತ್ರ ಸೋಲೊಪ್ಪುವವಳಲ್ಲ. ಹ್ಯಾಂಬರ್ಗಿಗೆ ಹೋಗಿ ನಾವಿಬ್ಬರೇ ಹೊಸದಾಗಿ ಶುರುಮಾಡೋಣ ಎಂದು ಯಶ್ಮಿತಾಳ ಬೆನ್ನು ಬಿದ್ದಿದ್ದಳು. ಯಶ್ಮಿತಾ ಏನು ಉತ್ತರ ಕೊಟ್ಟಳೋ ನನಗೆ ತಿಳಿಯದು. ನಾಳೆ ಅವಳಿಗೆ ವಿಮಾನ ಎಂದಷ್ಟೇ ಗೊತ್ತಿತ್ತು. ಅವಳಿಲ್ಲದ ಮಸ್ಕತ್ ನನಗೆ ಉಪ್ಪಿಲ್ಲದ ಗಂಜಿ.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಮುಗಿದ ಮೇಲೆ ಶೋ ಶುರುವಾಯಿತು.

ಸ್ಟೇಜಿನಲ್ಲಿ ಇರುವವರ ಕಿವಿಯೊಳಗೆ ಸಣ್ಣ ಇಯರ್‌ಫೋನ್ ಇರುತ್ತದೆ. ನನ್ನ ಮಿಕ್ಸರಿನ ಬಟನ್ ಒತ್ತಿ ಮಾತಾಡಿದರೆ ಜನರಿಗೆ ಕೇಳಿಸುವುದಿಲ್ಲ, ನಾನು ಆರಿಸಿದವರ ಕಿವಿಗೆ ಮಾತ್ರ ಕೇಳಿಸುತ್ತದೆ. ಇಷ್ಟು ದಿನ ಅದರಲ್ಲೇ ಅವಳಿಗೆ ತರಲೆ ಮಾತು ಹೇಳಿ ನಗಿಸುತ್ತಿದ್ದೆ. ತುಟಿ ಕಚ್ಚಿಕೊಂಡು ಅವಳು ನನ್ನತ್ತ ಬಿಡುತ್ತಿದ್ದ ಆ ಓರೆನೋಟಕ್ಕೆ ನಾನು ಸೋತುಹೋಗಿದ್ದೆ.

ಕೊನೆಯ ಹಾಡಿಗೆ ಮೊದಲು ಕಾರ್ಲಾ ನೀರು ಕುಡಿಯುತ್ತಿದ್ದಳು. ಈಗಲ್ಲದಿದ್ದರೆ ಇನ್ನಿಲ್ಲ ಎನ್ನಿಸಿತು. ಬಟನ್ ಒತ್ತಿದೆ.

"ಯಶೂ, ಹೋಗ್ಬೇಡ. ನೀನಂದ್ರೆ ನಂಗೆ ಜೀವ. ಹೋಗ್ಬೇಡ, ಪ್ಲೀಸ್."

ಯಶ್ಮಿತಾಳ ಕೈ ತಂತಿಯ ಮೇಲೆ ನಿಂತಿತು. ಆದರೆ ಕಾರ್ಲಾ ಕೂಡ ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಕೀಬೋರ್ಡಿನವಳೂ ನೋಡಿದಳು. ಆಗ ನೆನಪಾಯಿತು. ಮಧ್ಯಾಹ್ನ ಒಂದು ಟ್ರಾನ್ಸ್‌ಮಿಟರ್ ಕೆಟ್ಟಿತೆಂದು ಮೂವರ ಇಯರ್‌ಫೋನನ್ನೂ ಒಂದೇ ಲೈನಿಗೆ ಹಾಕಿದವನು ನಾನೇ!

ಕಾರ್ಲಾ ಮೈಕಿನಿಂದ ಮುಖ ತಿರುಗಿಸಿ ಯಶ್ಮಿತಾಳನ್ನು ಏನೋ ಕೇಳಿದಳು. ಅವಳು ಜರ್ಮನ್‌ನಲ್ಲಿ ಉತ್ತರ ಕೊಟ್ಟಳು. ನನ್ನ ಮಾತಿಗಿಂತ ಉದ್ದದ ಉತ್ತರ. ಎದುರಿನ ಮೇಜಿನಿಂದ ಯಾರೋ "ಯಲ್ಲಾ, ಯಲ್ಲಾ!" ಎಂದು ಅವಸರಪಡಿಸುತ್ತಾ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ನನ್ನತ್ತ ದುರುಗುಟ್ಟಿ ನೋಡಿದ. ಕಾರ್ಲಾ ಒಂದೇ ಒಂದು ಶಬ್ದ ಹೇಳಿದಳು, ಕಣ್ಣೊರೆಸಿಕೊಂಡಳು, ಹಾಡತೊಡಗಿದಳು. ಆ ಹಾಡಿನ ಒಂದು ಸಾಲೂ ನನ್ನ ತಲೆಗೆ ಹೋಗಲಿಲ್ಲ.

ಶೋ ಮುಗಿದದ್ದೇ ಯಶ್ಮಿತಾ ನೇರ ನನ್ನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು.

"ಹೋಗ್ಬೇಡ ಅಂತ ಹೇಳ್ಲಿಕ್ಕೆ ನೀನು ಯಾರು?"

"ಯಾರೂ ಅಲ್ಲ."

"ಮತ್ತೆ?"

"ಯಾರಾದ್ರೂ ಆಗ್ಬೇಕಂತ ಆಸೆ. ನಿನ್ನ ಮೇಲೆ ಪ್ರೀತಿ ಉಂಟು ಯಶೂ. ತುಂಬಾ ಉಂಟು."

ಅವಳು ಕಣ್ಣು ತಗ್ಗಿಸಲಿಲ್ಲ. ನಾನೇ ತಗ್ಗಿಸಿದೆ.

"ಹ್ಯಾಂಬರ್ಗಿಗೆ ಬರುದಿಲ್ಲ ಅಂತ ಕಾರ್ಲಾಗೆ ಬೆಳಿಗ್ಗೆಯೇ ಹೇಳಿ ಆಗಿದೆ. ಇಲ್ಲಿ ಬೌಷರ್‌ನಲ್ಲಿ ಮ್ಯೂಸಿಕ್ ಸ್ಕೂಲಲ್ಲಿ ಕೆಲಸ ಸಿಕ್ಕಿದೆ. ನೀನು ಹೇಳಿದ್ದಕ್ಕೆ ನಿಂತದ್ದಲ್ಲ, ಆಯ್ತಾ?"

"ಮತ್ತೆ ನಾಳೆ ಫ್ಲೈಟು?"

"ಅದು ಮಂಗಳೂರಿಗೆ ಮಾರಾಯ! ಸ್ಕೂಲಿನವರು ಹೊಸ ಕಫೀಲ್ ಆಗಿ ವೀಸಾ ತೆಗೆಯುವ ತನಕ ಊರಲ್ಲಿ ಇರ್ಬೇಕಲ್ಲ."

ನಾನು ಕೇಬಲ್ ಪೆಟ್ಟಿಗೆಯ ಮೇಲೆ ಕುಸಿದು ಕೂತೆ. "ಕಾರ್ಲಾಗೆ ಎಂತ ಹೇಳಿದ್ದು ನೀನು?"

"ಇದ್ದದ್ದನ್ನೇ."

"ಅವಳು ಎಂತ ಹೇಳಿದ್ಳು?"

"'ಕೊನೆಗೂ!' ಅಂದ್ಲು."

ಅವಳೂ ಪಕ್ಕದಲ್ಲಿ ಕೂತಳು. ತಂತಿ ಮೀಟಿ ಒರಟಾದ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಅವಳು ಕೈ ತೆಗೆಯಲಿಲ್ಲ.

"ಅಮ್ಮನಿಗೆ ನಾನು ಹೇಳುದಾ, ನೀನು ಬಂದು ಹೇಳ್ತಿಯಾ?"

"ನಾನೇ ಬರ್ತೇನೆ. ಮುಂದಿನ ವಾರವೇ."

"ರಜೆ ಕೊಡ್ತಾರಾ?"

"ಕೊಡದಿದ್ರೆ ಕೆಲಸ ಬಿಟ್ಟು ಬರ್ತೇನೆ."

"ಬೇಡಪ್ಪ," ಎಂದು ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. "ಕೆಲಸ ಇಲ್ಲದವನಿಗೆ ಅಮ್ಮ ಮಗಳನ್ನು ಕೊಡುದಿಲ್ಲ."